ಸೂಜಿಯ ಸುತ್ತ ಒಂದು ಗೆರೆ

ಅವರು ತೀರಿಕೊಂಡ ಸುದ್ದಿ ನನಗೆ ಸವದತ್ತಿಯ ಬಸ್ಸಿನಲ್ಲಿ ಸಿಕ್ಕಿತು. ನಾನು ಕೆಲವು ವರ್ಷ ಬೈಲಹೊಂಗಲದಲ್ಲಿ ಶಿಕ್ಷಕಿಯಾಗಿದ್ದೆನೆಂದು ತಿಳಿದ ಕೂಡಲೇ ಪಕ್ಕದಲ್ಲಿದ್ದ ಹೆಂಗಸು, "ಹಂಗಾರ ದವಾಖಾನಿ ನರ್ಸಬಾಯಿ ನಿಮಗ ಗೊತ್ತಿರಬೇಕಲ್ರಿ?" ಎಂದು ಕೇಳಿದಳು. ಗೊತ್ತು ಎಂದೆ. "ಹೋದ್ರಲ್ರೀ ಪಾಪ, ಸುಗ್ಗಿ ಮುಂದ. ನಿಮಗ ಯಾರೂ ಹೇಳಲಿಲ್ಲೇನು?" ಎಂದವಳೇ ಮಡಿಲಲ್ಲಿದ್ದ ಶೇಂಗಾ ಸುಲಿಯತೊಡಗಿದಳು. ಸುಗ್ಗಿ ಮುಗಿದು ಎಷ್ಟೋ ತಿಂಗಳುಗಳಾಗಿದ್ದವು. ಅಷ್ಟು ದಿನವೂ ನಾನು ಅವರು ಬದುಕಿದ್ದಾರೆಂದೇ ತಿಳಿದು, ಮನಸ್ಸಿನಲ್ಲಿ ಅವರೊಡನೆ ಒಂದು ಹಳೆಯ ವಾದವನ್ನು ಮುಂದುವರಿಸುತ್ತಿದ್ದೆ. ಎದುರುವಾದಿ ಇಲ್ಲವೇ ಇಲ್ಲ ಎಂಬುದು ಹೀಗೆ ಒಮ್ಮೆಲೇ ಗೊತ್ತಾದಾಗ ನನಗೆ ಅಳು ಬರಲಿಲ್ಲ. ಬಸ್ಸು ನಾನು ಇಳಿಯಬೇಕಾದ ಊರನ್ನು ದಾಟಿ ಹೋಯಿತು. ನನಗೆ ಅದರ ಪರಿವೆಯೇ ಇರಲಿಲ್ಲ.

ನಾನು ರಾಮದುರ್ಗದ ನೇಕಾರರ ಮನೆಯ ಮಗಳು. ನಮ್ಮ ಮನೆತನದಲ್ಲಿ ಪದವಿಯನ್ನು ಪಡೆದವರಲ್ಲಿ ನಾನೇ ಮೊದಲಿಗಳು. ಧಾರವಾಡದಲ್ಲಿ ಓದು ಮುಗಿಸಿ ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಗೆ ಬಂದಾಗ ಬಾಡಿಗೆಗೆ ದೊರೆತ ಕೋಣೆಯ ಮಗ್ಗುಲಲ್ಲೇ ಅವರ ಕೋಣೆ ಇತ್ತು. ಅವರು ಊರಿನ ಒಂದು ಧರ್ಮಾರ್ಥ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ನಾನು ಅವರನ್ನು ಅಕ್ಕಾ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ; ಅವರು ನನ್ನನ್ನು "ಬಿ.ಎ. ಬಾಯಾರ" ಎನ್ನುತ್ತಿದ್ದರು. ಅದರಲ್ಲಿ ಗೌರವವೆಷ್ಟು, ಚೇಷ್ಟೆಯೆಷ್ಟು ಎಂಬುದನ್ನು ನಾನು ಕೊನೆಯವರೆಗೂ ನಿರ್ಧರಿಸಲಾರದೆ ಹೋದೆ.

ನಮ್ಮ ಮೊದಲ ಭೇಟಿ ಒಳ್ಳೆಯದಾಗಿರಲಿಲ್ಲ. ಕಾಲು ಉಳುಕಿದ್ದರಿಂದ ಪಟ್ಟಿ ಕಟ್ಟಿಸಿಕೊಳ್ಳಲು ನಾನು ದವಾಖಾನೆಗೆ ಹೋಗಿದ್ದೆ. ಅಕ್ಕ ಆಗತಾನೆ ಕುದಿಸಿದ ಸೂಜಿಗಳನ್ನು ತಟ್ಟೆಯಲ್ಲಿ ಹರವಿದ್ದರು. ನಾನು ಬಾಗಿ ನಮಸ್ಕರಿಸುವಾಗ ನನ್ನ ಸೆರಗು ತಟ್ಟೆಯ ಅಂಚಿಗೆ ತಾಗಿತು. ಅಕ್ಕ ಸೂಜಿಗಳನ್ನೆಲ್ಲ ಮತ್ತೆ ಪಾತ್ರೆಗೆ ಸುರಿದು ಒಲೆಯ ಮೇಲೆ ಇಟ್ಟರು.

"ದಯವಿಟ್ಟು ಕ್ಷಮಿಸಬೇಕು, ನನ್ನ ಗಮನಕ್ಕೆ ಬರಲಿಲ್ಲ" ಎಂದೆ.

"ಪುಸ್ತಕದ ಮಾತು ಆಮ್ಯಾಲ ಆಡ್ರಿ ಬಾಯಾರ. ಮೊದಲ ಸೆರಗು ಸೊಂಟಕ್ಕ ಸಿಗಸ್ರಿ. ಒಂದ ಹೊರಿ ಕಟ್ಟಿಗಿ ನಿಮ್ಮ ನಮಸ್ಕಾರಕ್ಕ ಹೋತು."

ಇಂದಿನ ಓದುಗರಿಗೆ ಆ ಕಾಲದ ಸಲೈನಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ನಾನು ವೈದ್ಯಕೀಯ ಓದಿದವಳಲ್ಲ. ಕಣ್ಣಿನಿಂದ ಕಂಡಷ್ಟನ್ನು ಮಾತ್ರ ಹೇಳಬಲ್ಲೆ. ಗಾಜಿನ ದೊಡ್ಡ ಬಾಟಲಿಯನ್ನು ತಲೆಕೆಳಗಾಗಿ ತೂಗುಹಾಕುತ್ತಿದ್ದರು. ಅದರಿಂದ ಕೆಂಪು ರಬ್ಬರಿನ ನಳಿಗೆ ಇಳಿದು, ತುದಿಯಲ್ಲಿ ಉಕ್ಕಿನ ಸೂಜಿಯಾಗಿ, ರೋಗಿಯ ಕೈಯ ನರದೊಳಗೆ ಹೋಗುತ್ತಿತ್ತು. ಒಬ್ಬ ರೋಗಿಗೆ ಬಳಸಿದ ನಳಿಗೆ, ಸೂಜಿಗಳನ್ನೇ ತೊಳೆದು ಕುದಿಸಿ ಮುಂದಿನ ರೋಗಿಗೆ ಬಳಸಬೇಕಾಗಿತ್ತು. ಸೂಜಿ ನರದಲ್ಲಿರುವಷ್ಟು ಹೊತ್ತೂ ಅಕ್ಕನಿಗೆ ಸಮಾಧಾನವಿರುತ್ತಿರಲಿಲ್ಲ. "ತೊಗಲು ಅಂದ್ರ ಊರ ಅಗಸಿ ಬಾಗಲಾ ಇದ್ದಂಗ. ಸೂಜಿ ಚುಚ್ಚಿದಿವಿ ಅಂದ್ರ ಬಾಗಲಾ ತಗದಿವಿ. ತಗದವರ ಕಾಯಬೇಕು" ಎನ್ನುತ್ತಿದ್ದರು. ಡಾಕ್ಟರರು ಬೆಳಿಗ್ಗೆ ಒಳಗೆ ಕಾಲಿಟ್ಟೊಡನೆ ಅವರ ಮೊದಲ ಪ್ರಶ್ನೆ, "ಇವತ್ತು ಸೂಜಿ ತಗೀಬಹುದೇನ್ರಿ?" ಎಂಬುದೇ. "ಹಾಕೂಕಿಂತ ಮೊದಲ ತಗ್ಯೂದು ಕೇಳತೀಯಲ್ಲ ಬಾಯಿ" ಎಂದು ಡಾಕ್ಟರರು ನಗುತ್ತಿದ್ದರು. ಆದರೆ ತೆಗೆಯಬಹುದಾದಾಗ ತೆಗೆಸುತ್ತಿದ್ದರು.

ಕಾಯುವುದು ಸುಲಭವಾಗಿರಲಿಲ್ಲ. ರೋಗಿಯ ಜೊತೆಗೆ ಬಂದವರಿಗೆ ಆ ಸೂಜಿಯೇ ಸಾಕ್ಷಾತ್ ರೋಗವೆಂಬಂತೆ ಕಾಣುತ್ತಿತ್ತು. ಒಬ್ಬರು ಅದರ ಮೇಲೆ ವಿಭೂತಿ ಹಚ್ಚುವರು, ಇನ್ನೊಬ್ಬರು ಬಿಸಿ ಬೂದಿಯ ಗಂಟಿನಿಂದ ಶಾಖ ಕೊಡುವರು. ಸವದತ್ತಿಯ ಗುಡ್ಡಕ್ಕೆ ಹೋಗಿ ಬಂದವರಂತೂ ಎಲ್ಲಮ್ಮನ ಭಂಡಾರವೆಂಬ ಅರಿಸಿನಪುಡಿಯನ್ನು ಹಿಡಿಹಿಡಿಯಾಗಿ ತರುತ್ತಿದ್ದರು. ಅಕ್ಕ ಜಗಳವಾಡಿ ನೋಡಿ ಸಾಕಾಗಿ, ಕಡೆಗೆ ಒಂದು ಉಪಾಯ ಮಾಡಿದರು. ಗಾಯಕ್ಕೆ ಹಚ್ಚುವ ನೀಲಿ ಔಷಧದಿಂದ, ಸೂಜಿಯ ಮೇಲಿನ ಪಟ್ಟಿಯ ಸುತ್ತ ಚರ್ಮದ ಮೇಲೆ ಒಂದು ದುಂಡನೆಯ ಗೆರೆ ಎಳೆಯುತ್ತಿದ್ದರು.

"ನೋಡವ್ವಾ, ಹಣಿಗೆ ಹಚ್ಚು, ಎದಿಗೆ ಹಚ್ಚು, ನನ್ನ ಹಣಿಗೂ ಬೇಕಾದ್ರ ಹಚ್ಚು. ಈ ಗೆರಿ ಒಳಗ ಮಾತ್ರ ಯಾರಿಗೂ ಪರವಾನಗಿ ಇಲ್ಲ."

"ದೇವರಿಗೂ ಇಲ್ಲೇನ್ರಿ ಬಾಯಿ?" ಎಂದು ಒಬ್ಬ ಮುದುಕ ಕೇಳಿದ.

"ಬರಲಿ. ಕೈ ತೊಳಕೊಂಡ ಬರಲಿ ಅಂತ ಹೇಳು."

ಈ ಮಾತಿಗೆ ವಾರ್ಡಿನವರೆಲ್ಲ ನಕ್ಕರು. ನಾನು ಬೆಚ್ಚಿದೆ. ಅಕ್ಕ ಕಿತ್ತೂರಿನ ಕಡೆಯ, ದೇಗಾಂವದ ಆಚೆಗಿರುವ ಒಂದು ಹಳ್ಳಿಯ ಪೌರೋಹಿತ್ಯದ ಮನೆತನದವರು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಂದೆಯ ಮರಣದ ನಂತರ ಹಟಹಿಡಿದು ಪುಣೆಗೆ ಹೋಗಿ ನರ್ಸಿನ ತರಬೇತಿಯನ್ನು ಪಡೆದಿದ್ದರು. ಎಲ್ಲ ಜಾತಿಯವರ ರಕ್ತ, ಮಲಮೂತ್ರಗಳನ್ನು ಮುಟ್ಟುವವಳೆಂದು ಅಂದಿನಿಂದ ಅವರ ತಾಯಿ ಅವರ ಕೈಯ ನೀರನ್ನು ಕುಡಿದಿರಲಿಲ್ಲ. ಇದನ್ನು ಅಕ್ಕ ಒಮ್ಮೆ ಬಟ್ಟೆ ಒಣಹಾಕುತ್ತ, ಮಳೆ ಬರಬಹುದೆಂದು ಹೇಳುವಷ್ಟೇ ಸಹಜವಾಗಿ ಹೇಳಿದ್ದರು.

ಅವರ ಸ್ವಭಾವದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಿಗ್ಭ್ರಮೆಗೊಳಿಸಿದ ಅಂಶವೊಂದಿತ್ತು. ಅವರು ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತಿದ್ದರು. ಚಚಡಿಯ ಒಬ್ಬ ರೈತನಿಗೆ ಸಲೈನ್ ಹಾಕಿದ ಸ್ವಲ್ಪ ಹೊತ್ತಿನಲ್ಲಿಯೇ ಮಂಚ ಅಲುಗಾಡುವಂತೆ ಚಳಿ ಬಂದಿತು, ಮೈ ಕೆಂಡವಾಯಿತು. ಅಕ್ಕ ನಳಿಗೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು. ಹಿಂದಿನ ರೋಗಿಯ ರಕ್ತ ಒಳಗೆ ಅಂಟಿ ಒಣಗಿತ್ತು. ಬಳಸಿದ ಕೂಡಲೇ ಅದನ್ನು ತೊಳೆಯಬೇಕಿತ್ತು, ತೊಳೆಯುವುದು ತಡವಾಗಿತ್ತು. ಕುದಿಸಿದ್ದರೂ ಕೊಳೆ ಹೋಗಿರಲಿಲ್ಲ. ಅಕ್ಕ ನೇರವಾಗಿ ರೈತನ ಹೆಂಡತಿಯ ಎದುರು ಹೋಗಿ ನಿಂತರು.

"ತಂಗೀ, ನಿನ್ನ ಗಂಡಗ ಚಳಿ ಬಂದದ್ದು ನನ್ನಿಂದ. ನಳಿಗಿ ಹೊತ್ತಿಗೆ ಸರಿಯಾಗಿ ತೊಳೀಲಿಲ್ಲ ನಾನು."

ಡಾಕ್ಟರರು ಒಳಗಿನಿಂದ ಓಡಿಬಂದು, "ಬಾಯಿ, ದವಾಖಾನಿ ಮುಚ್ಚಸತೀಯೇನ?" ಎಂದು ಹಲ್ಲು ಕಡಿದರು. ಆ ಹೆಂಗಸು ಅಕ್ಕನ ಮುಖ ನೋಡಿದಳು. ಬಳಿಕ, "ಮತ್ತ ಬ್ಯಾರೆ ಯಾರರ ತೊಳ್ಯಾವ್ರು ಅದಾರೇನ್ರಿ ಇಲ್ಲಿ?" ಎಂದಳು. ಇಲ್ಲವೆಂದರು ಅಕ್ಕ. "ಹಂಗಾರ ನೀವ ತೊಳೀರಿ. ಈಗ ನಿಮಗ ನೆನಪ ಇರತೈತಿ." ರೈತ ಗುಣವಾಗಿ ಮನೆಗೆ ಹೋದ. ಮುಂದೆ ಆ ಹೆಂಗಸು ಪ್ರತಿ ವರ್ಷ ಹೊಸ ಜೋಳ ಬಂದಾಗ ಒಂದು ಸೇರು ತಂದುಕೊಟ್ಟು, "ನಳಿಗಿ ತೊಳದೀರಿಲ್ಲೋ?" ಎಂದು ಕೇಳಿ ಹೋಗುತ್ತಿದ್ದಳು.

ಈಗ ಹೇಳಬೇಕಾದುದಕ್ಕೆ ಬರುತ್ತೇನೆ.

ಅದೊಂದು ಬೇಸಿಗೆ. ಶಾಲೆಗೆ ರಜೆ. ಅಕ್ಕನ ಅಣ್ಣ ಹೆಂಡತಿಯನ್ನು ಚಕ್ಕಡಿಯಲ್ಲಿ ಕಿತ್ತೂರಿಗೂ, ಅಲ್ಲಿಂದ ಬಸ್ಸಿನಲ್ಲಿ ಬೈಲಹೊಂಗಲಕ್ಕೂ ತಂದರು. ವಾಂತಿ-ಭೇದಿಯಿಂದ ಆಕೆಯ ಕಣ್ಣುಗಳು ಗುಳಿಬಿದ್ದು, ಕೈಕಾಲು ತಣ್ಣಗಾಗಿದ್ದವು. ಬೇರೆ ದವಾಖಾನೆ ಹತ್ತಿರದಲ್ಲಿರಲಿಲ್ಲವಾದ್ದರಿಂದ ಮಾತ್ರ ಅಲ್ಲಿಗೆ ತಂದಿದ್ದರು. ಜೊತೆಯಲ್ಲಿ ತಾಯಿಯೂ ಬಂದಿದ್ದರು: ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಬಿಗಿಯಾಗಿ ಹೊದ್ದ ಸೆರಗು, ಕೂಡಲು ಮನೆಯಿಂದಲೇ ತಂದ ಮಣೆ. ವರ್ಷಗಳ ನಂತರ ಮಗಳನ್ನು ಕಂಡರೂ ಅವರು ಮಾತನಾಡಿಸಲಿಲ್ಲ. ಅಕ್ಕನೂ ಮಾತನಾಡಿಸದೆ, "ವೈನೀ, ಕೈ ಚಾಚ್ರಿ" ಎಂದು ಅತ್ತಿಗೆಯ ಕೈಯನ್ನು ಸೋಪಿನಿಂದ ತೊಳೆದು, ಸ್ಪಿರಿಟ್ ಹಚ್ಚಿ, ಸೂಜಿಯನ್ನು ಹಾಕಿ, ಗೆರೆಯನ್ನು ಎಳೆದರು. ಸಂಜೆಯ ಹೊತ್ತಿಗೆ ಆಕೆ ಕಣ್ಣು ತೆರೆದರು. ಪೂಜೆ ತಪ್ಪಬಾರದೆಂದು ಅಣ್ಣ ಊರಿಗೆ ಮರಳಿದರು, ತಾಯಿ ಉಳಿದರು.

ಮರುದಿನ ಬೆಳಿಗ್ಗೆ ತಾಯಿ ಮಗಳೊಡನೆ ಮೊದಲ ಬಾರಿಗೆ ಬಾಯಿ ತೆರೆದದ್ದು ಆ ಪಟ್ಟಿಯ ವಿಷಯಕ್ಕೆ.

"ಆ ಅರಿವಿ ಯಾರ್ಯಾರ ಮೈಮ್ಯಾಲ ಇತ್ತೋ ಏನೋ. ಸೊಸಿ ಮೈಗೆ ಅದನ್ನ ಕಟ್ಟೀಯಲ್ಲ?"

"ಕುದಿಸೇನಿ ಅವ್ವಾ."

"ಮುಸುರಿ ಕುದಿಸಿದ್ರ ಮಡಿ ಆಗತದೇನ?"

ಅಕ್ಕನಿಗೆ ನಗು ಬಂದಿತು. "ನಾ ಕಲತದ್ದೆಲ್ಲಾ ನಿನ್ನ ಹತ್ರನ. ಮುಟ್ಟಬಾರದ್ದು ಮುಟ್ಟಬಾರದು. ಮುಟ್ಟಿದ್ರ ಮತ್ತ ಮೊದಲಿಂದ. ನಂದೂ ಮಡೀನ ಅವ್ವಾ, ಒಲಿ ಮ್ಯಾಲಿಂದು."

ತಾಯಿ ನಗಲಿಲ್ಲ.

ಎರಡು ದಿನಗಳ ನಂತರವೂ ವಾಂತಿ ನಿಲ್ಲದ ಕಾರಣ ಸೂಜಿ ಕೈಯಲ್ಲಿಯೇ ಉಳಿಯಿತು. ಆ ದಿನ ಅಕ್ಕನನ್ನು ಸವದತ್ತಿಯ ಕಡೆಯ ಹಳ್ಳಿಗಳಿಗೆ ಕಾಲರಾ ಚುಚ್ಚುಮದ್ದು ಹಾಕಲು ಕಳಿಸಿದರು. ಹೋಗುವ ಮುನ್ನ ಅವರು ಪಟ್ಟಿಯನ್ನು ಬಿಚ್ಚಿ ನೋಡಿ, ಹೊಸದನ್ನು ಕಟ್ಟಿ, "ಇದನ್ನ ಬಿಚ್ಚಲಿಕ್ಕೆ ಬ್ಯಾಡ್ರಿ, ನಾ ಬಂದ ನೋಡತೇನಿ" ಎಂದು ಎಲ್ಲರಿಗೂ ಹೇಳಿದರು. ಮರಳಿದ್ದು ಮರುದಿನ ಮಧ್ಯಾಹ್ನ. ನಾನು ಮಂಚದ ಬಳಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ವೈನಿ ಬೆಳಗಿನಿಂದ ಚಳಿ ಎನ್ನುತ್ತಿದ್ದರು. ಬಿಸಿಲಿನ ಝಳಕ್ಕೆ ಹಂಚುಗಳು ಚಿಟಿಚಿಟಿ ಎನ್ನುತ್ತಿದ್ದ ಹೊತ್ತಿನಲ್ಲಿ ಆಕೆ ಕಂಬಳಿ ಕೇಳಿದ್ದರು.

ಅಕ್ಕ ಹಣೆ ಮುಟ್ಟಿ ನೋಡಿದರು. ಪಟ್ಟಿಯನ್ನು ನೋಡಿದರು. ಗೆರೆ ಹಾಗೆಯೇ ಇತ್ತು, ಪಟ್ಟಿ ಬೆಳ್ಳಗೆ ಇತ್ತು.

"ಈ ಗಂಟು ನಂದಲ್ಲ."

ಬಿಚ್ಚಿದರು. ಬಿಳಿ ಪಟ್ಟಿಯ ಕೆಳಗೆ, ಸೂಜಿಗೆ ಸುತ್ತಿಕೊಂಡು, ಜೇನಿನ ಬಣ್ಣದ ಒಂದು ರೇಷ್ಮೆಯ ಚೂರು ಇತ್ತು. ಹಳೆಯ ತುಪ್ಪದ, ಹೊಗೆಯ, ಬೆವರಿನ ವಾಸನೆ ಬಂದಿತು. ಅದನ್ನು ಎತ್ತಿದಾಗ ಕೆಳಗೆ ಕೀವು ಕಂಡಿತು. ಅಲ್ಲಿಂದ ಮೊಣಕೈಯವರೆಗೆ ಕೆಂಪು ಗೆರೆಯೊಂದು ಏರಿತ್ತು. ನಾನು ಬೀಸಣಿಗೆಯನ್ನು ಕೆಳಗೆ ಬೀಳಿಸಿದೆ.

ಅದು ಮನೆಯ ಪೆಟ್ಟಿಗೆಯಲ್ಲಿ ಕಾದಿರಿಸಿ, ತಾಯಿ ತಮ್ಮ ಗಂಟಿನಲ್ಲಿ ತಂದಿದ್ದ, ಅಕ್ಕನ ತಂದೆಯ ಮಗುಟದ ಚೂರು. ಮಗುಟವೆಂದರೆ ಪೂಜೆಗೆ, ಶ್ರಾದ್ಧಕ್ಕೆ ಉಡುವ ರೇಷ್ಮೆಯ ಧೋತರ. ಹತ್ತಿಯ ಬಟ್ಟೆಯನ್ನು ಒಗೆದು, ಯಾರೂ ಮುಟ್ಟದಂತೆ ಒಣಗಿಸಿದರೆ ಮಾತ್ರ ಮಡಿ. ರೇಷ್ಮೆ ಹಾಗಲ್ಲ, ವರ್ಷಗಟ್ಟಲೆ ಒಗೆಯದಿದ್ದರೂ ಅದು ಮಡಿಯೇ ಎಂದು ಆ ಮನೆತನಗಳ ನಂಬಿಕೆ. ತಾಯಿಯ ಪಾಲಿಗೆ ಅದು ಲೋಕದಲ್ಲಿಯೇ ಅತ್ಯಂತ ಶುದ್ಧವಾದ ಬಟ್ಟೆ. ಸೊಸೆಯನ್ನು ಉಳಿಸಿಕೊಳ್ಳಲು ಆಕೆ ತಮ್ಮಲ್ಲಿದ್ದ ಅತ್ಯುತ್ತಮವಾದುದನ್ನು ಹರಿದು ಕಟ್ಟಿದ್ದರು.

ಅಕ್ಕ ಸೂಜಿಯನ್ನು ತೆಗೆದರು. ಡಾಕ್ಟರರು ಬಂದು ನೋಡಿ, ನಂಜು ರಕ್ತಕ್ಕೆ ಏರಿದೆ ಎಂದರು. ಪೆನಿಸಿಲಿನ್ ಸೂಜಿಮದ್ದು ಆರಂಭವಾಯಿತು. ತಾಯಿ ಮಣೆಯಿಂದ ಎದ್ದು ಬಂದು, "ನಿನ್ನ ಸೂಜಿ ಮಾಡಿದ್ದು ಇದು! ನಾ ಬಂದಾಗ ಆಕೀ ಕೈ ನೆಟ್ಟಗಿತ್ತು. ನಿನ್ನ ಕೈಗೆ ಕೊಟ್ಟದ್ದ ತಪ್ಪಾತು" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ಎಲ್ಲರಿಗೂ ಎಲ್ಲವನ್ನೂ ಮುಖದ ಮೇಲೆ ಹೇಳುತ್ತಿದ್ದ ಅಕ್ಕ ಅಂದು ತುಟಿ ಬಿಚ್ಚಲಿಲ್ಲ. ಇನ್ನೊಂದು ಕೈಯನ್ನು ತೊಳೆದು ಹೊಸ ಸೂಜಿಯನ್ನು ಹಾಕಿದರು, ಮತ್ತು ಅದರ ಪಕ್ಕದಲ್ಲಿಯೇ ಕುಳಿತರು. ಊಟಕ್ಕೂ ಏಳಲಿಲ್ಲ, ನಾನು ತಂದ ರೊಟ್ಟಿಯನ್ನು ಕುಳಿತಲ್ಲಿಯೇ ತಿಂದರು. ವೈನಿ ಜ್ವರದಲ್ಲಿ ಯಾರ ಯಾರನ್ನೋ ಕರೆಯುತ್ತಿದ್ದರು, ಗುರುತು ಹಿಡಿಯುತ್ತಿರಲಿಲ್ಲ. ಇಂದು ಹೋಗುವರು, ನಾಳೆ ಹೋಗುವರು ಎಂದೇ ನಾವೆಲ್ಲ ತಿಳಿದಿದ್ದೆವು.

ಹೋಗಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆ ಕಣ್ಣು ಬಿಟ್ಟು, "ಹಸಿವಿ ಆಗೇದ" ಎಂದರು. ಅಕ್ಕ ಹೊರಗೆ ಬಂದು, ಬೇವಿನ ಮರಕ್ಕೆ ಬೆನ್ನು ಹಚ್ಚಿ ನಿಂತು, ನನ್ನನ್ನು ಕಂಡು, "ಬಿ.ಎ. ಬಾಯಾರ, ಗಂಜಿ ಮಾಡಲಿಕ್ಕೆ ಬರತದೋ, ಅದೂ ಓದೇ ಮಾಡಬೇಕೋ?" ಎಂದರು.

ನಮ್ಮ ವಾದ ನಡೆದದ್ದು ತಾಯಿ ಮತ್ತು ವೈನಿ ಊರಿಗೆ ಹೊರಡುವ ದಿನದ ಬೆಳಿಗ್ಗೆ.

"ಇವತ್ತು ಅವ್ವಗ ಹೇಳತೇನಿ" ಎಂದರು ಅಕ್ಕ.

"ಏನನ್ನು?"

"ನಂಜು ಯಾತರಿಂದ ಆತು ಅನ್ನೂದು."

ನಾನು ಅವರ ಕೈ ಹಿಡಿದುಕೊಂಡೆ. "ಬೇಡ ಅಕ್ಕಾ. ಸೊಸೆ ಬದುಕಿದ್ದಾರೆ. ಆ ವಯಸ್ಸಾದ ಜೀವಕ್ಕೆ ಏಕೆ ಹೇಳಬೇಕು? ನಿಮ್ಮ ಮೇಲೆ ತಪ್ಪು ಇದ್ದರೆ ಇರಲಿ ಬಿಡಿ, ನಿಮಗದು ಹೊಸದಲ್ಲ."

"ಬದುಕ್ಯಾಳ ಅಂತನ ಹೇಳಬೇಕು. ಸತ್ತಿದ್ರ ನಾನೂ ಬಾಯಿ ಮುಚಕೊಂಡ ಇರತಿದ್ದೆ. ನಾಳೆ ಮನ್ಯಾಗ ಮತ್ತ ಯಾರಿಗರ ಗಾಯ ಆಗತದ. ಅವ್ವ ಮತ್ತ ಆ ಪೆಟಗಿ ತಗೀತಾಳ."

"ಹಾಗಾದರೆ ಪೆಟ್ಟಿಗೆ ತೆಗೆಯಬೇಡಿ ಎಂದಷ್ಟೇ ಹೇಳಿ. ಕಾರಣ ಹೇಳಬೇಡಿ."

"ಕಾರಣಾ ಹೇಳದ ಬ್ಯಾಡ ಅಂದದ್ದನ್ನ ಯಾರರ ಕೇಳ್ಯಾರೇನು ಬಾಯಾರ? ನೀವು ನಿಮ್ಮ ಸಾಲ್ಯಾಗ ಹಂಗ ಕಲಸತೀರೇನು?"

ನಾನು ಅವರ ಕೈ ಬಿಟ್ಟೆ.

ಅವರನ್ನು ಕರೆದೊಯ್ಯಲು ಮತ್ತೆ ಬಂದಿದ್ದ ಅಣ್ಣ ಬಸ್ಸಿನ ವಿಚಾರಕ್ಕೆಂದು ಪೇಟೆಗೆ ಹೋಗಿದ್ದರು. ವೈನಿ ಒಳಗೆ ಮಲಗಿದ್ದರು. ತಾಯಿ ಪಡಸಾಲೆಯಲ್ಲಿ ಗಂಟನ್ನು ಕಟ್ಟಿಕೊಂಡು ಕುಳಿತಿದ್ದರು. ಅಕ್ಕ ಮಡಿಗೆ ಭಂಗವಾಗದಷ್ಟು ದೂರದಲ್ಲಿ ನೆಲದ ಮೇಲೆ ಕುಳಿತು, ಒಗಟಿಲ್ಲದೆ, ಸುತ್ತಿಬಳಸದೆ ಹೇಳಿದರು.

"ಅವ್ವಾ, ವೈನಿಗೆ ನಂಜು ಆದದ್ದು ನೀ ಕಟ್ಟಿದ ಮಗುಟದಿಂದ. ಸೂಜಿ ಹಾಕಿದ್ದು ನಾನ. ಆದ್ರ ಹೊಲಸು ಒಳಗ ಹೋದದ್ದು ಆ ಅರಿವಿಯಿಂದ."

ನಾನು ಕಂಬದ ಮರೆಗೆ ಸರಿದೆ. ಕೂಗಾಟವಾಗುವುದೆಂದು ಎಣಿಸಿದ್ದೆ. ಆಗಲಿಲ್ಲ. ಆ ವೃದ್ಧೆ ಪಂಚಾಂಗದ ವಿಷಯವನ್ನು ವಿಚಾರಿಸುವವರಂತೆ ಒಂದೊಂದಾಗಿ ಕೇಳಿದರು.

"ನಿಮ್ಮಪ್ಪನ ಮಗುಟದಾಗ ಅಷ್ಟನ? ಎಲ್ಲಾ ಮಗುಟದಾಗೂ ಇರತದೋ?"

"ಒಗೀದ, ಕುದಿಸದ ಇಟ್ಟದ್ದು ಯಾವುದ ಇರಲಿ ಅವ್ವಾ."

"ಮೈಗೆ ತಾಗಿದ್ರ?"

"ತಾಗಿದ್ರ ಏನಿಲ್ಲ. ತೆರದ ಗಾಯಕ್ಕ ತಾಗಬಾರದು."

"ಹೊಕ್ಕಳಾ ಕೊಯ್ದದ್ದು ತೆರದ ಗಾಯನ ಏನ?"

ಅಕ್ಕ ಹೌದೆನ್ನಲು ಬಾಯಿ ತೆರೆದವರು ಥಟ್ಟನೆ ತಡೆದುಕೊಂಡರು. ನನಗೆ ಆಗಿನ್ನೂ ಅರ್ಥವಾಗಿರಲಿಲ್ಲ.

"ನಮ್ಮ ಮನ್ಯಾಗ ಕೂಸಿನ ಹೊಕ್ಕಳಾ ಬರೇ ದಾರದಿಂದ ಕಟ್ಟೂದಿಲ್ಲ" ಎಂದರು ತಾಯಿ. "ಮಗುಟದ ಅಂಚಿನಿಂದ ಎಳಿ ಎಳದು ಕಟ್ಟತಾರ. ನಮ್ಮತ್ತಿ ಕಟ್ಟತಿದ್ರು. ನಿನಗಿಂತ ಮೊದಲ ಹುಟ್ಟಿದ್ವು ಇದ್ವಲ್ಲ, ನಿನಗ ಗೊತ್ತಿಲ್ಲ ಅವು. ವಾರ ಆಗೂದ್ರಾಗ ಮೊಲಿ ಬಿಡತಿದ್ವು. ಬಾಯಿ ಬಿಗೀತಿತ್ತು. ಮೈ ಕಟ್ಟಿಗಿ ಆಗತಿತ್ತು. ನನ್ನ ಹಾಲ ನಂಜು ಅಂದ್ರು ನಮ್ಮತ್ತಿ. ನಾನೂ ಹಂಗ ಅನಕೊಂಡಿದ್ದೆ."

ಅಕ್ಕನ ಮುಖ ಬಿಳಿಚಿತು. ಯಾವ ರೋಗಿಯ ಮಂಚದ ಬಳಿಯೂ ಅವರ ಮುಖ ಹಾಗಾದುದನ್ನು ನಾನು ಕಂಡಿರಲಿಲ್ಲ.

"ಇಲ್ಲವ್ವಾ, ಅದು ಬ್ಯಾರೆ" ಎಂದರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಳೀ ಕೂಸುಗಳಿಗೆ ನೂರಾಎಂಟು ಬ್ಯಾನಿ ಬರತಾವ."

ಅದು ಸುಳ್ಳು ಎಂಬುದು ಕಂಬದ ಮರೆಯಲ್ಲಿದ್ದ ನನಗೂ ತಿಳಿಯಿತು. ತಮ್ಮ ತಪ್ಪನ್ನು ಊರ ಮುಂದೆ ಹೇಳಿಕೊಂಡವರು, ದೇವರಿಗೆ ಕೈ ತೊಳೆದು ಬಾ ಎಂದವರು, ಬೆಳಿಗ್ಗೆ ನನ್ನೊಡನೆ ಸತ್ಯಕ್ಕಾಗಿ ವಾದಿಸಿದವರು, ಮಧ್ಯಾಹ್ನವಾಗುವ ಮೊದಲೇ ನನ್ನ ಕಣ್ಣೆದುರು ಸುಳ್ಳು ಹೇಳಿದ್ದರು. ನಾನು ಬೇಡಿಕೊಂಡದ್ದನ್ನೇ ಅವರು ಮಾಡಿದ್ದರು.

ತಾಯಿ ಇಲ್ಲವೆಂಬಂತೆ ತಲೆಯಾಡಿಸಿದರು. ಆಕೆ ಓದಿದವರಲ್ಲ. ಆದರೆ ಲೆಕ್ಕ ಮಾಡಲು ಆರಂಭಿಸಿದ್ದರು. ಅದನ್ನು ಇನ್ನು ಯಾರೂ ನಿಲ್ಲಿಸುವಂತಿರಲಿಲ್ಲ.

"ನಿಮ್ಮಣ್ಣ ನನ್ನ ತವರಾಗ ಹುಟ್ಟಿದ. ಅಲ್ಲಿ ಈ ಪದ್ಧತಿ ಇಲ್ಲ. ಆಂವ ಉಳದ" ಎಂದರು. "ನೀ ಹುಟ್ಟಿದಾಗ ನಮ್ಮತ್ತಿ ಪಂಢರಪುರಕ್ಕ ಹೋಗಿದ್ರು. ಪೆಟಗಿ ಕೀಲಿ ಅವರ ಹತ್ರನ ಇತ್ತು. ಸೂಲಗಿತ್ತಿ ಬಿಸಿನೀರಾಗ ನೂಲು ಅದ್ದಿ ಕಟ್ಟಿದ್ಲು. ಮಗುಟ ಇಲ್ಲದ ಕೂಸು ಅಂತ ನಮ್ಮತ್ತಿ ನಿನ್ನ ಬಹಳ ದಿವಸ ಎತಗೊಳ್ಳಲಿಲ್ಲ. ಇದೂ ಹೋಗತದ ಅಂತ ನಾನೂ ನಿನ್ನ ಕಡೆ ನೋಡತಿರಲಿಲ್ಲ. ನೀ ಹೋಗಲಿಲ್ಲ."

ಒಳಗಿನಿಂದ ವೈನಿಯ ಕೆಮ್ಮು ಕೇಳಿಬಂದಿತು. ರಸ್ತೆಯಲ್ಲಿ ಹತ್ತಿಯ ಗಾಡಿಗಳು ಸಾಲಾಗಿ ಹೋಗುತ್ತಿದ್ದವು.

"ಅದು ಬ್ಯಾರೆ, ಇದು ಬ್ಯಾರೆ ಅಂತೀಯಲ್ಲ" ಎಂದರು ತಾಯಿ. "ಹಂಗಾರ ನೀ ಯಾಕ ಉಳದಿ?"

ತಾಯಿ ಮಣೆಯಿಂದ ಇಳಿದು, ನೆಲದ ಮೇಲೆ ಸರಿಯುತ್ತ ಸರಿಯುತ್ತ ಮಗಳ ಬಳಿಗೆ ಬಂದರು. ಗದ್ದಕ್ಕೆ ಕೈಹಚ್ಚಿ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡರು. ಆಗತಾನೆ ಹುಟ್ಟಿದ ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ, ಬಹಳ ಹೊತ್ತು ನೋಡಿದರು.